ಸಹಾಯ ಬೇಕು: ಪೇಂಟಿಂಗ್ ಫೋಟೊದಲ್ಲಿ ಹೊಳಪು ಹೊಡೀತಿದೆ

ಕೆಜಿಎಫ್‌ನಿಂದ ಬರೀತಿದೀನಿ. ಬೆಂಗಳೂರಿನ ಸಮುದಾಯ ಗ್ಯಾಲರಿಯೊಂದು 'ಭರವಸೆ, ಮತ್ತೆ ಚಿಗುರೋದು' ಅನ್ನೋ ವಿಷಯಕ್ಕೆ ಕಲಾಕೃತಿ ಕರೆದಿದೆ. ತೀರ್ಪುಗಾರರು ಮೊದಲು ನೋಡೋದು ಫೋಟೊ ಮಾತ್ರ. ನಾನು ಬರೆದಿರೋದು ನಮ್ಮೂರ ಸೈನೈಡ್ ದಿಬ್ಬ, ಅಂದ್ರೆ ಚಿನ್ನ ತೆಗೆದ ಮೇಲೆ ಉಳಿದ ಗಣಿ ಮಣ್ಣಿನ ಗುಡ್ಡೆ. 2001ರಲ್ಲಿ ಗಣಿ ಮುಚ್ಚಿತು, ದಿಬ್ಬ ಹಾಗೇ ನಿಂತಿದೆ. ಬುಡದಲ್ಲಿ ಬೆರಳುದ್ದ ಹುಲ್ಲು, ಅದೇ ಚಿತ್ರದ ಜೀವ.

ಆತುರಕ್ಕೆ ಬಿದ್ದು ಗ್ಲಾಸಿ ವಾರ್ನಿಶ್ ಹೊಡೆದುಬಿಟ್ಟೆ (ತಪ್ಪು ನಂದೇ). ಈಗ ಸರಿಯಾಗಿ ಆ ಹುಲ್ಲಿನ ಮೇಲೇ ಬಿಳೀ ಮಚ್ಚೆ ಕೂರುತ್ತೆ. ಫ್ಲ್ಯಾಶ್ ಆಫ್ ಮಾಡಿದೆ, ತಾರಸಿ ನೆರಳಲ್ಲಿಟ್ಟೆ, ಎರಡೂ ಕಡೆ ಓರೆಯಾಗಿ ಲೈಟಿಟ್ಟೆ. ಮಚ್ಚೆ ಜಾಗ ಬದಲಾಯಿಸ್ತು ಅಷ್ಟೇ. ಎಡಿಟ್ ಮಾಡಿದ ಫೋಟೊ ತಗೊಳ್ಳಲ್ವಂತೆ.

ಅಕ್ರಿಲಿಕ್ ಬಣ್ಣ, ವಾರ್ನಿಶ್ ಹಚ್ಚಿ 4 ದಿನ ಆಯ್ತು. ಇದರ ಮೇಲೇ ಮ್ಯಾಟ್ ವಾರ್ನಿಶ್ ಹಚ್ಚಬಹುದಾ, ಇಲ್ಲಾ ಕಪ್ಪು ಭಾಗ ಬೂದಿ ಬಿದ್ದಂಗೆ ಮಂಕಾಗುತ್ತಾ? ಮಾಡಿ ನೋಡಿದವರು ಹೇಳಿ.