ಚೀನಾದ ಬೆಳವಣಿಗೆ ನಿಧಾನವಾದದ್ದು ಅಮೆರಿಕದ ಸುಂಕದಿಂದಲೋ, ಮನೆಯೊಳಗಿನ ಸಾಲದಿಂದಲೋ?

ಪ್ರಶ್ನೆ (ತುಮಕೂರಿನ ಎಂ.ಕಾಂ. ವಿದ್ಯಾರ್ಥಿನಿ):

ನಮಸ್ಕಾರ ಮೇಡಂ. 2018ರಲ್ಲಿ ಚೀನಾದ ಬೆಳವಣಿಗೆ ದರ ಶೇ 6.6ಕ್ಕೆ ಇಳಿಯಿತೆಂದೂ ಅದು 1990ರ ನಂತರದ ಅತಿ ಕಡಿಮೆ ದರವೆಂದೂ ಆಗ ವರದಿಯಾಗಿತ್ತು. ಅಮೆರಿಕ ಸುಂಕ ಸಮರ ಆರಂಭಿಸಿದ್ದೂ ಅದೇ ವರ್ಷ. ಈಚೆಗೆ ನಮ್ಮ ತರಗತಿಯಲ್ಲಿ ನಡೆದ ಚರ್ಚೆಯಲ್ಲಿ ಅರ್ಧದಷ್ಟು ಜನ ಸುಂಕವೇ ಕಾರಣವೆಂದು ವಾದಿಸಿದರು, ಉಳಿದವರು ಸಾಲದ ಹೊರೆಯತ್ತ ಬೊಟ್ಟು ಮಾಡಿದರು. ಎರಡೂ ಕಡೆಯವರ ಬಳಿ ಅಂಕಿ ಅಂಶಗಳಿದ್ದವು. ಹೀಗಿರುವಾಗ ಯಾವುದು ನಿಜವಾದ ಕಾರಣ ಎಂಬುದನ್ನು ಹೇಗೆ ತಿಳಿಯುವುದು?

ಉತ್ತರ (ಬ್ಯಾಂಕೊಂದರ ಆರ್ಥಿಕ ಸಂಶೋಧನಾ ವಿಭಾಗದ ನಿವೃತ್ತ ಅಧಿಕಾರಿ):

ಮೊದಲು ಒಂದು ಪದವನ್ನು ಸರಿಪಡಿಸಿಕೊಳ್ಳೋಣ. ಆ ದಿನಗಳಲ್ಲಿ ‘ಚೀನಾ ಆರ್ಥಿಕತೆ ಕುಸಿತ’ ಎಂಬ ಶೀರ್ಷಿಕೆಗಳನ್ನು ಎಲ್ಲೆಡೆ ಕಾಣುತ್ತಿದ್ದೆವು. ಕುಸಿದದ್ದು ಆರ್ಥಿಕತೆಯಲ್ಲ, ಅದು ಬೆಳೆಯುವ ವೇಗ ತಗ್ಗಿತ್ತು. ಶೇ 6.6ರಷ್ಟು ಬೆಳೆಯುತ್ತಿರುವ ದೇಶವನ್ನು ಹಿಂಜರಿತದಲ್ಲಿದೆ ಎನ್ನಲಾಗದು. ಆದರೆ 2007ರಲ್ಲಿ ಶೇ 14ರಷ್ಟು ಬೆಳೆದಿದ್ದ ದೇಶವದು. ಆ ವೇಗಕ್ಕೆ ತಕ್ಕಂತೆ ಸಾಲ ಮಾಡಿ, ಕಾರ್ಖಾನೆ ಕಟ್ಟಿ, ಉದ್ಯೋಗದ ನಿರೀಕ್ಷೆ ಬೆಳೆಸಿಕೊಂಡವರಿಗೆ ಈ ಇಳಿಕೆಯೇ ದೊಡ್ಡ ಪೆಟ್ಟಾಯಿತು.

ಕಾರಣ ತಿಳಿಯಲು ನಾನು ಮೊದಲು ನೋಡುವುದು ಕ್ಯಾಲೆಂಡರನ್ನು. ಅಮೆರಿಕದ ಮೊದಲ ಕಂತಿನ ಸುಂಕ, ಅಂದರೆ 3,400 ಕೋಟಿ ಡಾಲರ್ ಮೌಲ್ಯದ ಸರಕಿನ ಮೇಲೆ ಶೇ 25, ಜಾರಿಗೆ ಬಂದದ್ದು 2018ರ ಜುಲೈ 6ರಂದು. 20,000 ಕೋಟಿ ಡಾಲರ್ ಸರಕಿನ ಮೇಲೆ ಶೇ 10ರ ಸುಂಕ ಬಿದ್ದದ್ದು ಸೆಪ್ಟೆಂಬರ್ 24ರಂದು. ರಸ್ತೆ, ರೈಲು, ಸೇತುವೆಗಳಂಥ ಮೂಲಸೌಕರ್ಯದ ಮೇಲೆ ಚೀನಾ ಹೂಡುತ್ತಿದ್ದ ಹಣವಾದರೋ 2017ರಲ್ಲಿ ಶೇ 19ರಷ್ಟು ಏರಿತ್ತು, 2018ರ ಮೊದಲ ಆರು ತಿಂಗಳಲ್ಲೇ ಆ ಏರಿಕೆ ಶೇ 7ರ ಆಸುಪಾಸಿಗೆ ಬಂದಿತ್ತು, ಇಡೀ ವರ್ಷದ ಲೆಕ್ಕದಲ್ಲಿ ಶೇ 3.8ಕ್ಕೆ ಇಳಿಯಿತು. ಮೊದಲ ಸುಂಕ ಜಾರಿಯಾಗುವ ಹೊತ್ತಿಗಾಗಲೇ ಈ ಇಳಿಕೆ ಬಹುದೂರ ಸಾಗಿತ್ತು.

ರಫ್ತಿನ ಚಿತ್ರ ಇದಕ್ಕೆ ತದ್ವಿರುದ್ಧ. 2018ರಲ್ಲಿ ಚೀನಾದ ಒಟ್ಟು ರಫ್ತು ಡಾಲರ್ ಲೆಕ್ಕದಲ್ಲಿ ಶೇ 10ರಷ್ಟು ಹೆಚ್ಚಿತು, ಅಮೆರಿಕದೊಂದಿಗಿನ ವ್ಯಾಪಾರ ಮಿಗತೆ, ಅಂದರೆ ಆಮದಿಗಿಂತ ಹೆಚ್ಚಾದ ರಫ್ತು, 32,300 ಕೋಟಿ ಡಾಲರ್ ತಲುಪಿ ದಾಖಲೆಯಾಯಿತು. ಸುಂಕ ಇನ್ನೂ ಏರುತ್ತದೆಂಬ ಭಯದಿಂದ ಅಮೆರಿಕದ ಆಮದುದಾರರು ಮುಂದಿನ ತಿಂಗಳುಗಳ ಸರಕನ್ನೂ ಮೊದಲೇ ತರಿಸಿ ಗೋದಾಮು ತುಂಬಿಕೊಂಡದ್ದು ಇದಕ್ಕೊಂದು ಕಾರಣ. ಯುವಾನ್ ಬೆಲೆ ಇಳಿದದ್ದು ಇನ್ನೊಂದು. ಏಪ್ರಿಲ್‌ನಲ್ಲಿ ಡಾಲರಿಗೆ 6.3ರಷ್ಟಿದ್ದ ಯುವಾನ್ ಅಕ್ಟೋಬರ್ ಕೊನೆಗೆ 7ರ ಹತ್ತಿರ ಬಂದಿತ್ತು. ಶೇ 10ರ ಸುಂಕವನ್ನು ನಾಣ್ಯದ ಇಳಿಕೆಯೇ ಬಹುಮಟ್ಟಿಗೆ ನುಂಗಿತು. ಸುಂಕ ಜಾರಿಯಾದ ಮೇಲೆ ರಫ್ತು ಹಿಂದಿನ ವರ್ಷದ ಅದೇ ತಿಂಗಳಿಗಿಂತ ಕಡಿಮೆಯಾದದ್ದು ಡಿಸೆಂಬರ್‌ನಲ್ಲಿ. ಆ ಅಂಕಿ 2019ರ ಜನವರಿ ನಡುವಿನಲ್ಲಿ ಹೊರಬಿದ್ದಾಗ ನಾನಿನ್ನೂ ಸೇವೆಯಲ್ಲಿದ್ದೆ. ಅದನ್ನೇ ಮುಂದಿಟ್ಟುಕೊಂಡು ಇಡೀ ವರ್ಷದ ನಿಧಾನಗತಿಗೆ ಸುಂಕವನ್ನು ಹೊಣೆ ಮಾಡಿದ ಟಿಪ್ಪಣಿಯೊಂದು ನನ್ನ ಮೇಜಿಗೆ ಬಂದಿತ್ತು, ಅದನ್ನು ತಿದ್ದಲು ಹಿಂದಕ್ಕೆ ಕಳುಹಿಸಿದೆ.

ಹಾಗಾದರೆ ಮೂಲಸೌಕರ್ಯದ ಹೂಡಿಕೆಯ ವೇಗ ತಗ್ಗಿದ್ದೇಕೆ? 2008ರ ಜಾಗತಿಕ ಬಿಕ್ಕಟ್ಟಿನಲ್ಲಿ ಚೀನಾ 4 ಲಕ್ಷ ಕೋಟಿ ಯುವಾನ್‌ಗಳ ಉತ್ತೇಜನ ಯೋಜನೆ ಘೋಷಿಸಿತು. ಅದರ ಬಹುಪಾಲನ್ನು ಸ್ಥಳೀಯ ಸರ್ಕಾರಗಳು ಸಾಲದಿಂದಲೇ ಹೊಂದಿಸಿದವು. ಸರ್ಕಾರ, ಕಂಪನಿ, ಕುಟುಂಬ ಎಲ್ಲವೂ ಸೇರಿದ ಒಟ್ಟು ಸಾಲ 2008ರಲ್ಲಿ ಜಿಡಿಪಿಯ ಶೇ 140ರ ಸುಮಾರಿನಲ್ಲಿತ್ತು, ಒಂದು ದಶಕದೊಳಗೆ ಶೇ 250ರ ಆಸುಪಾಸಿಗೆ ಏರಿತು. ಇದರಿಂದ ಗಾಬರಿಗೊಂಡ ಬೀಜಿಂಗ್ 2016ರ ಕೊನೆಯಿಂದ ಸಾಲದ ಕಡಿವಾಣ ಬಿಗಿಗೊಳಿಸಿತು, 2018ರ ಏಪ್ರಿಲ್‌ನಲ್ಲಿ ಬ್ಯಾಂಕುಗಳ ಲೆಕ್ಕಪುಸ್ತಕದ ಹೊರಗೆ ನಡೆಯುತ್ತಿದ್ದ ಸಾಲ ವ್ಯವಹಾರಕ್ಕೆ ಕಠಿಣ ನಿಯಮ ತಂದಿತು. ಇಂಥ ಸಾಲ ವ್ಯವಹಾರವನ್ನೇ ನೆರಳು ಬ್ಯಾಂಕಿಂಗ್ ಎನ್ನುತ್ತಾರೆ.

ಇದು ತಟ್ಟಿದ್ದು ಯಾರಿಗೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಚೀನಾದಲ್ಲಿ ನಗರ ಪ್ರದೇಶದ ಉದ್ಯೋಗದಲ್ಲಿ ಶೇ 80ರಷ್ಟನ್ನು ಕೊಡುವುದು ಖಾಸಗಿ ಕಂಪನಿಗಳೆಂದು ಅಲ್ಲಿನ ಸರ್ಕಾರವೇ ಹೇಳುತ್ತದೆ. ಆದರೆ ಸರ್ಕಾರಿ ಸ್ವಾಮ್ಯದ ದೊಡ್ಡ ಬ್ಯಾಂಕುಗಳು ಸಾಲ ಕೊಡಲು ಬಯಸುವುದು ಸರ್ಕಾರಿ ಕಂಪನಿಗಳಿಗೆ, ಏಕೆಂದರೆ ಅವು ಮುಳುಗಿದರೂ ಸರ್ಕಾರ ಎತ್ತಿಹಿಡಿಯುತ್ತದೆ. ಐವತ್ತು ಜನರನ್ನಿಟ್ಟುಕೊಂಡು ಗುಂಡಿ, ಜಿಪ್ಪು ತಯಾರಿಸುವ ಮಾಲೀಕ ಬಟವಾಡೆಯ ಹಣಕ್ಕೂ ಟ್ರಸ್ಟ್ ಕಂಪನಿ ಎಂಬ ಬ್ಯಾಂಕಲ್ಲದ ಸಾಲ ಸಂಸ್ಥೆಯನ್ನೋ ಆನ್‌ಲೈನ್ ಸಾಲದ ಜಾಲವನ್ನೋ ಹೆಚ್ಚಿನ ಬಡ್ಡಿಗೆ ಆಶ್ರಯಿಸಬೇಕಿತ್ತು. ಬಾಗಿಲು ಮುಚ್ಚಿದ್ದು ಇಂಥವನಿಗೆ. 2018ರ ಜೂನ್‌ನಿಂದ ಆಗಸ್ಟ್‌ವರೆಗೆ ಆನ್‌ಲೈನ್ ಸಾಲ ಸಂಸ್ಥೆಗಳು ಸಾಲುಸಾಲಾಗಿ ಬಿದ್ದವು. ಹಾಂಗ್‌ಝೌ ನಗರದಲ್ಲಿ ಹಣ ಕಳೆದುಕೊಂಡವರ ಅಹವಾಲು ಸ್ವೀಕರಿಸಲು ಕ್ರೀಡಾಂಗಣಗಳನ್ನೇ ತೆರೆಯಬೇಕಾಯಿತು. ಚೀಟಿ ಕಂಪನಿ ಮುಳುಗಿದಾಗ ಬೀದಿಗೆ ಬಿದ್ದವರನ್ನು ನಮ್ಮೂರುಗಳಲ್ಲಿ ಕಂಡವರಿಗೆ ಆ ನೋವನ್ನು ವಿವರಿಸಬೇಕಿಲ್ಲ.

ಅದೇ ವರ್ಷ ಕಾರುಗಳ ಮಾರಾಟ 1990ರ ದಶಕದ ನಂತರ ಮೊದಲ ಬಾರಿಗೆ ಇಳಿಯಿತು. ಸಣ್ಣ ಕಾರುಗಳಿಗೆ ಕೊಟ್ಟಿದ್ದ ಖರೀದಿ ತೆರಿಗೆಯ ರಿಯಾಯಿತಿ 2017ರ ಕೊನೆಗೆ ಮುಗಿದದ್ದು ಅದಕ್ಕೆ ಮುಖ್ಯ ಕಾರಣ. ಇದಕ್ಕೂ ಸುಂಕಕ್ಕೂ ಹೆಚ್ಚಿನ ನಂಟಿಲ್ಲ. ಆದ್ದರಿಂದ 2018ರ ಮಟ್ಟಿಗೆ ನನ್ನ ತೀರ್ಮಾನ ಸ್ಪಷ್ಟ: ಅದು ಬಹುಪಾಲು ಮನೆಯೊಳಗಿನ ವ್ಯವಹಾರ.

ಮರುಪ್ರಶ್ನೆ (ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ತಯಾರಿಸಿ ರಫ್ತು ಮಾಡುವವರು):

ಮೇಡಂ, ಗೌರವದಿಂದಲೇ ನಿಮ್ಮ ಮಾತನ್ನು ಒಪ್ಪುವುದಿಲ್ಲ. ಸುಂಕ ಕಾಗದದ ಮೇಲೆ ಬರುವ ಮೊದಲೇ ಅದರ ಸುದ್ದಿ ಕೆಲಸ ಮಾಡುತ್ತದೆ. ಗಿರಾಕಿ ‘ಸ್ವಲ್ಪ ನೋಡೋಣ’ ಎಂದರೆ ಸಾಕು, ನಾನು ಹೊಸ ಯಂತ್ರದ ಆರ್ಡರನ್ನು ತಡೆಹಿಡಿಯುತ್ತೇನೆ. ಜಾರಿಯ ದಿನಾಂಕ ಹಿಡಿದು ಲೆಕ್ಕ ಹಾಕಿದರೆ ಈ ಹಿಂಜರಿಕೆ ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಉತ್ತರ:

ನಿಮ್ಮ ಮಾತಿನಲ್ಲಿ ತೂಕವಿದೆ, ಮೇಲಿನ ನನ್ನ ಉತ್ತರದಲ್ಲಿ ಅದಕ್ಕೆ ಜಾಗ ಕೊಡಬೇಕಿತ್ತು. ನೀವು ಹೇಳುವ ಹಿಂಜರಿಕೆ ಕಾಣಸಿಗುವ ಜಾಗ ತಯಾರಿಕಾ ಕ್ಷೇತ್ರದ ಹೂಡಿಕೆ. ಅದು 2018ರಲ್ಲಿ ಶೇ 9.5ರಷ್ಟು ಏರಿತ್ತು, 2019ರಲ್ಲಿ ಆ ಏರಿಕೆ ಶೇ 3.1ಕ್ಕೆ ಇಳಿಯಿತು. 2019ರ ಮೇ ತಿಂಗಳಲ್ಲಿ ಅಮೆರಿಕ ಶೇ 10ರ ಸುಂಕವನ್ನು ಶೇ 25ಕ್ಕೆ ಏರಿಸಿತು, ಆಗಸ್ಟ್ 5ರಂದು ಯುವಾನ್ ಡಾಲರಿಗೆ 7ನ್ನು ದಾಟಿತು, ಆ ವರ್ಷ ಅಮೆರಿಕಕ್ಕೆ ಚೀನಾದ ರಫ್ತು ಶೇ 12ಕ್ಕೂ ಹೆಚ್ಚು ತಗ್ಗಿತು. ಹೊಸ ಯಂತ್ರ ತರಿಸಿದರೆ ಅದರಲ್ಲಿ ತಯಾರಾದ ಸರಕಿಗೆ ನಾಳೆ ಮಾರುಕಟ್ಟೆ ಇರುತ್ತದೋ ಇಲ್ಲವೋ ಎಂದು ಚೀನಾದ ರಫ್ತು ಪ್ರಾಂತ್ಯವಾದ ಗ್ವಾಂಗ್‌ಡಾಂಗ್‌ನ ಕಾರ್ಖಾನೆ ಮಾಲೀಕ ತಡೆದು ನಿಂತ. ಆದ್ದರಿಂದ ಎರಡು ವರ್ಷಗಳನ್ನು ಬೇರೆಬೇರೆಯಾಗಿ ಓದಬೇಕೆನ್ನುತ್ತೇನೆ: 2018ರಲ್ಲಿ ರಸ್ತೆ ಸೇತುವೆಗಳ ಹೂಡಿಕೆಯ ವೇಗ ಬಿತ್ತು, ಅದು ಸಾಲದ ಬಿಗಿಯಿಂದ, 2019ರಲ್ಲಿ ಕಾರ್ಖಾನೆಗಳ ಹೂಡಿಕೆಯ ವೇಗ ಬಿತ್ತು, ಅದರಲ್ಲಿ ವ್ಯಾಪಾರ ಸಮರದ ಪಾಲು ದೊಡ್ಡದು.

ಆದರೂ ಅಳತೆಯನ್ನು ಮರೆಯಬಾರದು. ಚೀನಾದ ಜಿಡಿಪಿಯಲ್ಲಿ ರಫ್ತಿನ ಪ್ರಮಾಣ 2006ರಲ್ಲಿ ಶೇ 35ರ ಆಸುಪಾಸಿನಲ್ಲಿತ್ತು, 2018ರ ಹೊತ್ತಿಗೆ ಶೇ 20ರ ಸುಮಾರಿಗೆ ಬಂದಿತ್ತು. ಅಮೆರಿಕಕ್ಕೆ ಹೋಗುವ ಸರಕು ಜಿಡಿಪಿಯ ಸುಮಾರು ಶೇ 3.5 ಮಾತ್ರ. 2019ರಲ್ಲಿ ಅಮೆರಿಕದ ಮಾರುಕಟ್ಟೆಯಲ್ಲಿ ಅಷ್ಟು ಕಳೆದುಕೊಂಡರೂ ಚೀನಾದ ಒಟ್ಟು ರಫ್ತು ಡಾಲರ್ ಲೆಕ್ಕದಲ್ಲಿ ಅಲ್ಪವಾದರೂ ಏರಿಕೆಯನ್ನೇ ಕಂಡಿತು, ಸರಕು ಆಗ್ನೇಯ ಏಷ್ಯಾದ ಕಡೆಗೆ ತಿರುಗಿಕೊಂಡಿತು. ಜೊತೆಗೆ, ಸುಂಕದ ಭಾರ ಹೊತ್ತವರು ಬಹುಪಾಲು ಅಮೆರಿಕದ ಆಮದುದಾರರು ಮತ್ತು ಗ್ರಾಹಕರೆಂದು ಅಲ್ಲಿನ ಅರ್ಥಶಾಸ್ತ್ರಜ್ಞರ ಅಧ್ಯಯನಗಳೇ 2019ರಲ್ಲಿ ತೋರಿಸಿದವು. ಆ ವರ್ಷದ ಜನವರಿ 2ರಂದು ಆ್ಯಪಲ್ ಕಂಪನಿಯ ಮುಖ್ಯಸ್ಥರಾಗಿದ್ದ ಟಿಮ್ ಕುಕ್ ಹೂಡಿಕೆದಾರರಿಗೆ ಬರೆದ ಪತ್ರದಲ್ಲಿ ಕಂಪನಿಯ ಆದಾಯದ ಅಂದಾಜನ್ನು ತಗ್ಗಿಸುತ್ತಾ ಚೀನಾದ ನಿಧಾನಗತಿಯನ್ನೂ ವ್ಯಾಪಾರ ಬಿಕ್ಕಟ್ಟನ್ನೂ ಒಟ್ಟಿಗೇ ಕಾರಣವಾಗಿ ಕೊಟ್ಟರು. ಬಹುಶಃ ಆ ಪತ್ರದ ನಂತರವೇ ಜನರ ಮನಸ್ಸಿನಲ್ಲಿ ಎರಡೂ ಒಂದೇ ಆಗಿ ಬೆರೆತುಹೋದವು.

ಪ್ರಶ್ನೆ (ಧಾರವಾಡದ ನಿವೃತ್ತ ಉಪನ್ಯಾಸಕರು):

ಇಷ್ಟೆಲ್ಲ ಲೆಕ್ಕವೂ ಚೀನಾ ಸರ್ಕಾರ ಕೊಟ್ಟ ಅಂಕಿಗಳ ಮೇಲೆ ನಿಂತಿದೆ. ಅವನ್ನು ಎಷ್ಟರಮಟ್ಟಿಗೆ ನಂಬಬಹುದು?

ಉತ್ತರ:

ಸರ್, ಜಿಡಿಪಿಯ ಒಂದೇ ಅಂಕಿಯನ್ನು ನಾನೂ ಪೂರ್ತಿ ನಂಬುವುದಿಲ್ಲ. ಮುಂದೆ ಪ್ರಧಾನಿಯಾದ ಲಿ ಕೆಚಿಯಾಂಗ್ ಅವರು 2007ರಲ್ಲಿ ಲಿಯಾವ್‌ನಿಂಗ್ ಪ್ರಾಂತ್ಯದ ಪಕ್ಷದ ಮುಖ್ಯಸ್ಥರಾಗಿದ್ದಾಗ, ಜಿಡಿಪಿ ಅಂಕಿಗಳು ಮನುಷ್ಯರು ಮಾಡಿದಂಥವು, ತಾವು ನೋಡುವುದು ವಿದ್ಯುತ್ ಬಳಕೆ, ರೈಲ್ವೆ ಸರಕು ಸಾಗಣೆ ಮತ್ತು ಬ್ಯಾಂಕ್ ಸಾಲ ಈ ಮೂರನ್ನು ಎಂದು ಅಮೆರಿಕದ ರಾಯಭಾರಿಗೆ ಹೇಳಿದ್ದರು. ಸೋರಿಕೆಯಾದ ರಾಜತಾಂತ್ರಿಕ ಪತ್ರದಿಂದ ಅದು 2010ರಲ್ಲಿ ಬಯಲಾಯಿತು. ಅದೇ ಪ್ರಾಂತ್ಯದ ಗವರ್ನರ್ 2017ರಲ್ಲಿ, ಕೆಲವು ವರ್ಷಗಳ ಹಣಕಾಸು ಅಂಕಿಗಳನ್ನು ಉಬ್ಬಿಸಲಾಗಿತ್ತೆಂದು ಬಹಿರಂಗವಾಗಿ ಒಪ್ಪಿಕೊಂಡರು. ಅದಕ್ಕೇ ನಾನು ಇನ್ನೊಂದು ದೇಶದ ಲೆಕ್ಕದೊಂದಿಗೆ ತಾಳೆ ನೋಡಬಹುದಾದ ರಫ್ತಿನ ಅಂಕಿಗಳನ್ನೂ, ಕಾರು ಮಾರಾಟದಂಥ ಎಣಿಸಬಹುದಾದ ಸಂಗತಿಗಳನ್ನೂ ಹೆಚ್ಚು ನೆಚ್ಚಿಕೊಂಡೆ. ಹೂಡಿಕೆಯ ಅಂಕಿಗಳಲ್ಲಿ ನಾನು ನೋಡಿದ್ದು ದಿಕ್ಕನ್ನು. ಶೇ 19ರಿಂದ ಶೇ 3.8ಕ್ಕೆ ಇಳಿದೆವೆಂದು ಸರ್ಕಾರವೇ ಒಪ್ಪಿಕೊಂಡರೆ, ಇಳಿಕೆಯಾಗಿದೆ ಎಂಬುದನ್ನಾದರೂ ನಂಬಬಹುದು.

ಪ್ರಶ್ನೆ (ಸಂಡೂರಿನ ಲಾರಿ ಮಾಲೀಕರು):

ಮೇಡಂ, ಒಂದು ಕಾಲಕ್ಕೆ ನಮ್ಮ ಕಡೆಯ ಅದಿರೆಲ್ಲ ಚೀನಾಕ್ಕೆ ಹೋಗುತ್ತಿತ್ತು. 2025ರಲ್ಲಿ ಮತ್ತೆ ಸುಂಕದ ಗಲಾಟೆಯಾಯಿತು. ಅಲ್ಲಿನ ಬೇಡಿಕೆ ಸುಂಕದಿಂದ ಬಿದ್ದಿದೆಯೋ ಬೇರೆ ಕಾರಣಕ್ಕೋ? ನಮ್ಮಂಥವರು ಯಾವುದನ್ನು ಗಮನಿಸಬೇಕು?

ಉತ್ತರ:

ಚೀನಾದ ಉಕ್ಕಿನ ಉತ್ಪಾದನೆ 2000ದಲ್ಲಿ 13 ಕೋಟಿ ಟನ್ನಿನಷ್ಟಿತ್ತು, 2018ರಲ್ಲಿ 92 ಕೋಟಿ ಟನ್ ದಾಟಿ ಜಗತ್ತಿನ ಅರ್ಧಕ್ಕಿಂತ ಹೆಚ್ಚಾಯಿತು. ನಿಮ್ಮ ಕಡೆ ಹಗಲೂ ರಾತ್ರಿ ಲಾರಿಗಳು ಕೆಂಪು ಧೂಳೆಬ್ಬಿಸಿದ್ದು ಆ ಹಸಿವಿನಿಂದ. ರಾಜ್ಯ ಸರ್ಕಾರ 2010ರಲ್ಲಿ ಅದಿರು ರಫ್ತು ನಿಷೇಧಿಸಿತು, 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು, ಕರ್ನಾಟಕದ ಅದಿರಿನ ರಫ್ತಿಗೆ ಕೋರ್ಟ್ ಮತ್ತೆ ಅನುಮತಿ ಕೊಟ್ಟದ್ದು 2022ರಲ್ಲಿ. ಅಷ್ಟರಲ್ಲಿ ಆ ಹಸಿವಿನ ಮೂಲವೇ ಬದಲಾಗಿತ್ತು.

ಆ ಉಕ್ಕಿನ ದೊಡ್ಡ ಪಾಲು ಹೋಗುತ್ತಿದ್ದದ್ದು ಮನೆ ಕಟ್ಟುವುದಕ್ಕೆ. ಅಲ್ಲಿನ ಪದ್ಧತಿ ಹೀಗಿತ್ತು: ಪಾಯ ಹಾಕಿದ ಸ್ವಲ್ಪ ಕಾಲದಲ್ಲೇ ಬಿಲ್ಡರ್ ಫ್ಲ್ಯಾಟು ಮಾರುತ್ತಾನೆ. ಗಂಡ ಹೆಂಡತಿ ಇಬ್ಬರ ತಂದೆತಾಯಿಗಳ ಉಳಿತಾಯವನ್ನೂ ಸೇರಿಸಿ ಮುಂಗಡ ಕಟ್ಟುತ್ತಾರೆ, ಬ್ಯಾಂಕು ಉಳಿದ ಹಣವನ್ನು ಬಿಲ್ಡರನಿಗೆ ಕೊಡುತ್ತದೆ, ಮನೆ ಏಳುವ ಮೊದಲೇ ಕಂತು ಶುರುವಾಗುತ್ತದೆ. ಆ ಹಣದಲ್ಲಿ ಬಿಲ್ಡರ್ ಮುಂದಿನ ನಿವೇಶನ ಕೊಳ್ಳುತ್ತಾನೆ, ನಿವೇಶನ ಮಾರಿದ ಸ್ಥಳೀಯ ಸರ್ಕಾರ ಆ ಆದಾಯದಲ್ಲಿ ರಸ್ತೆ ಮಾಡುತ್ತದೆ. 2020ರ ಆಗಸ್ಟ್‌ನಲ್ಲಿ ಬೀಜಿಂಗ್ ಬಿಲ್ಡರುಗಳ ಸಾಲಕ್ಕೆ ‘ಮೂರು ಕೆಂಪು ಗೆರೆ’ಗಳೆಂಬ ಮಿತಿ ಹಾಕಿದಾಗ ಈ ಚಕ್ರ ನಿಂತಿತು. 30,000 ಕೋಟಿ ಡಾಲರಿಗೂ ಹೆಚ್ಚು ಹೊಣೆಗಾರಿಕೆ ಹೊತ್ತಿದ್ದ ಎವರ್‌ಗ್ರಾಂಡ್ ಎಂಬ ದೊಡ್ಡ ಬಿಲ್ಡರ್ ಕಂಪನಿ 2021ರಲ್ಲಿ ಸಾಲ ತೀರಿಸಲಾಗದೆ ಬಿತ್ತು, 2024ರ ಜನವರಿಯಲ್ಲಿ ಹಾಂಗ್‌ಕಾಂಗ್ ನ್ಯಾಯಾಲಯ ಅದರ ಸಮಾಪನಕ್ಕೆ, ಅಂದರೆ ಆಸ್ತಿ ಮಾರಿ ಕಂಪನಿ ಮುಚ್ಚುವುದಕ್ಕೆ, ಆದೇಶಿಸಿತು. 2022ರಲ್ಲಿ ಹಲವು ನಗರಗಳ ಜನ ಅರ್ಧಕ್ಕೆ ನಿಂತ ಮನೆಗಳಿಗೆ ಕಂತು ಕಟ್ಟುವುದಿಲ್ಲವೆಂದು ಒಟ್ಟಾಗಿ ಘೋಷಿಸಿದರು. ಗೋಡೆಯಿಲ್ಲದ ಮನೆಗೆ ತಿಂಗಳ ತಿಂಗಳು ಕಂತು ಕಟ್ಟುತ್ತಾ ಬಾಡಿಗೆ ಮನೆಯಲ್ಲಿರುವವರು ಹೊಸ ಕಾರನ್ನಾಗಲೀ ಫೋನನ್ನಾಗಲೀ ಕೊಳ್ಳುತ್ತಾರೆಯೇ? ಬಳಕೆ ಏಳದಿರಲು ಇದಕ್ಕಿಂತ ದೊಡ್ಡ ಕಾರಣ ನನಗೆ ಕಾಣುವುದಿಲ್ಲ.

ಚೀನಾದಲ್ಲಿ ಹೊಸದಾಗಿ ಕಾಮಗಾರಿ ಆರಂಭಿಸಿದ ಕಟ್ಟಡಗಳ ವಿಸ್ತೀರ್ಣ 2019ರಲ್ಲಿ ಸುಮಾರು 227 ಕೋಟಿ ಚದರ ಮೀಟರ್ ಇತ್ತು, 2024ರಲ್ಲಿ ಸುಮಾರು 74 ಕೋಟಿ. ಅದೇ 2024ರಲ್ಲಿ ಅದರ ವ್ಯಾಪಾರ ಮಿಗತೆ 99,000 ಕೋಟಿ ಡಾಲರ್ ದಾಟಿ ದಾಖಲೆಯಾಯಿತು. ಅಂದರೆ ಹೊರಗಿನ ಮಾರಾಟ ಅಲ್ಲಿಯವರೆಗೆ ಅತ್ಯಂತ ಚೆನ್ನಾಗಿದ್ದ ವರ್ಷದಲ್ಲೇ ಒಳಗಿನ ಬೇಡಿಕೆ ಸೊರಗಿತ್ತು. 2025ರ ಏಪ್ರಿಲ್‌ನಲ್ಲಿ ಶೇ 145ಕ್ಕೇರಿದ ಅಮೆರಿಕದ ಸುಂಕ ಮೇ ತಿಂಗಳ ಜಿನೀವಾ ಒಪ್ಪಂದದ ನಂತರ ಶೇ 30ಕ್ಕೆ ಇಳಿದದ್ದು ಎಲ್ಲರಿಗೂ ನೆನಪಿದೆ, ಆದರೆ ಆ ಏರಿಳಿತ ಈ ಕಟ್ಟಡಗಳ ಲೆಕ್ಕವನ್ನು ಬದಲಿಸುವಂಥದ್ದಲ್ಲ.

ನಿಮ್ಮ ಪ್ರಶ್ನೆಗೆ ನೇರವಾಗಿ ಹೇಳುತ್ತೇನೆ. ದೇವನಹಳ್ಳಿಯಲ್ಲೋ ನರಸಾಪುರದಲ್ಲೋ ಐಫೋನ್ ಜೋಡಿಸುವ ಕೆಲಸದಲ್ಲಿರುವವರಿಗೆ ಸುಂಕದ ಸುದ್ದಿ ಮುಖ್ಯ, ಏಕೆಂದರೆ ಆ ಕೆಲಸ ಚೀನಾದಿಂದ ಇತ್ತ ಸರಿಯಲು ಸುಂಕವೂ ಒಂದು ಕಾರಣ. ಅದಿರಿನ ಲಾರಿಗೆ ಸಾಲ ಮಾಡಬೇಕೋ ಬೇಡವೋ ಎಂದು ನಿರ್ಧರಿಸುವ ನೀವು ನೋಡಬೇಕಾದದ್ದು ಎರಡು: ಚೀನಾದ ಅಂಕಿಅಂಶ ಬ್ಯೂರೊ ಪ್ರಕಟಿಸುವ ಹೊಸ ಕಟ್ಟಡ ಕಾಮಗಾರಿಗಳ ಅಂಕಿ, ಮತ್ತು ನಿಮ್ಮದೇ ಜಿಲ್ಲೆಯ ಉಕ್ಕಿನ ಕಾರ್ಖಾನೆಗಳು ಕೊಳ್ಳುತ್ತಿರುವ ಅದಿರಿನ ಪ್ರಮಾಣ. ಈಗ ಎರಡನೆಯದಕ್ಕೇ ಹೆಚ್ಚು ತೂಕ ಕೊಡಿ.