ಸರ್ಕಾರಿ ಆಸ್ಪತ್ರೆಯ ಗುತ್ತಿಗೆ ಡಾಕ್ಟರಿಗೆ ಪಾಲಿಸಿ ಬೇಕಾ?

ಪ್ರಶ್ನೆ: ವಕೀಲರಿಗೆ ನಮಸ್ಕಾರ. ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಒಂದು ಕುಟುಂಬಾರೋಗ್ಯ ಕೇಂದ್ರದಲ್ಲಿ ಎನ್‌ಎಚ್‌ಎಂ (ರಾಷ್ಟ್ರೀಯ ಆರೋಗ್ಯ ಅಭಿಯಾನ) ಗುತ್ತಿಗೆ ಡಾಕ್ಟರ್. ಮೊನ್ನೆ ಇಂಜೆಕ್ಷನ್ ಕೊಟ್ಟ ಹತ್ತೇ ನಿಮಿಷಕ್ಕೆ ಒಬ್ಬ ಅಜ್ಜಿಗೆ ಮೈಯೆಲ್ಲ ದದ್ದು ಎದ್ದು ಉಸಿರು ಕಟ್ಟಿತು. ಜೋರು ಅಲರ್ಜಿಗೆ ಕೊಡುವ ಅಡ್ರಿನಲಿನ್ ಮದ್ದು ಕೊಟ್ಟು ಮಂಗಳೂರಿಗೆ ಕಳಿಸಿದೆವು, ಈಗ ಹುಷಾರಾಗಿದ್ದಾರೆ. ಆದರೆ ಮನೆಯವರು ಕೇಸು ಹಾಕುತ್ತೇವೆ ಅಂದಿದ್ದಾರೆ. ಸರ್ಕಾರಿ ಆಸ್ಪತ್ರೆ ಅಲ್ವಾ, ಏನೂ ಆಗುವುದಿಲ್ಲ, ಪ್ರೊಫೆಷನಲ್ ಇಂಡೆಮ್ನಿಟಿ (ರೋಗಿಯ ಕಡೆಯವರು ಕೇಸು ಹಾಕಿದರೆ ಖರ್ಚು, ಪರಿಹಾರ ಕೊಡುವ ವಿಮೆ) ಪಾಲಿಸಿಗೆ ಹಾಕುವ ದುಡ್ಡು ದಂಡ ಅಂತಾರೆ ಜೊತೆಯವರು. ಹೌದಾ?

ಉತ್ತರ: ಡಾಕ್ಟ್ರೇ, ಮೊದಲು ಸಮಾಧಾನ ಮಾಡಿಕೊಳ್ಳಿ. ಜೊತೆಯವರು ಹೇಳಿದ್ದು ಅರ್ಧ ಸರಿ.

ಎಲ್ಲರಿಗೂ ಉಚಿತವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆಯ ಮೇಲೆ ಗ್ರಾಹಕ ಕೋರ್ಟಿಗೆ ಹೋಗಲು ಬರುವುದಿಲ್ಲ ಅಂತ 1995ರಲ್ಲಿ ವಿ.ಪಿ. ಶಾಂತಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಒಪಿ ಚೀಟಿಗೆ ಕೊಡುವ ಚಿಲ್ಲರೆ ಲೆಕ್ಕಕ್ಕಿಲ್ಲ. ಆದರೆ ಕೆಲವರ ಹತ್ತಿರ ದುಡ್ಡು ತೆಗೆದುಕೊಂಡು ಕೆಲವರಿಗೆ ಉಚಿತವಾಗಿ ನೋಡುವ ಆಸ್ಪತ್ರೆಯಾದರೆ ಉಚಿತದವರೂ ಗ್ರಾಹಕರೇ.

ಇನ್ನು ಸಿವಿಲ್ ಕೋರ್ಟಿನ ಬಾಗಿಲು ಯಾವತ್ತೂ ತೆರೆದೇ ಇರುತ್ತದೆ. ಔರಂಗಾಬಾದಿನ ಸರ್ಕಾರಿ ಆಸ್ಪತ್ರೆಯಲ್ಲಿ ಸಂತಾನಹರಣ ಆಪರೇಷನ್ ಆದ ಹೆಂಗಸಿನ ಹೊಟ್ಟೆಯೊಳಗೆ ಬಟ್ಟೆ ಉಳಿದು ಅವರು ತೀರಿಕೊಂಡ ಕೇಸಿನಲ್ಲಿ, 1996ರಲ್ಲಿ, ಪರಿಹಾರ ಕೊಡುವ ಹೊಣೆ ಸರ್ಕಾರದ್ದೇ ಅಂತ ತೀರ್ಪಾಯಿತು. ಅಂದರೆ ನಿಮ್ಮ ತಪ್ಪಿಗೆ ಸರ್ಕಾರವೂ ಹೊಣೆ. ಹಾಗಂತ ನಿಮ್ಮ ಹೆಸರು ಕೇಸಿನಿಂದ ಬಿಟ್ಟು ಹೋಗುವುದಿಲ್ಲ. ನಿಮ್ಮ ಕರಾರು ಪತ್ರ ತೆಗೆದು ನೋಡಿ, ನಷ್ಟ ನಿಮ್ಮಿಂದ ವಸೂಲಿ ಮಾಡುವ ಸಾಲು ಏನಾದರೂ ಇದ್ದರೆ ನನಗೆ ಕಳಿಸಿ. ಪೊಲೀಸ್ ಕೇಸು ಬೇರೆಯೇ ವಿಷಯ. ನಿರ್ಲಕ್ಷ್ಯದಿಂದ ಸಾವು ಆದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ, ಡಾಕ್ಟರಿಗೆ 2 ವರ್ಷದವರೆಗೆ ಜೈಲು, ಅದನ್ನು ಯಾವ ಪಾಲಿಸಿಯೂ ತಪ್ಪಿಸಲಾರದು.

ಪ್ರಶ್ನೆ: ಹಾಗಾದರೆ ಈಗಲೇ ಪಾಲಿಸಿ ಮಾಡಿದರೆ ಮೊನ್ನೆಯದೂ ಸೇರುತ್ತದಾ?

ಉತ್ತರ: ಇಲ್ಲ. ಅರ್ಜಿಯಲ್ಲಿ ಮುಚ್ಚಿಡಲೂ ಬೇಡಿ, ಗೊತ್ತಿದ್ದ ವಿಷಯ ಮರೆಸಿದರೆ ಕಂಪನಿ ಕ್ಲೇಮನ್ನು ಅಲ್ಲೇ ತಳ್ಳಿ ಹಾಕುತ್ತದೆ. ಡಾಕ್ಟರು ಪಾಲಿಸಿ ಮಾಡಲೇಬೇಕು ಅಂತ ಕಾನೂನಿಲ್ಲ. ಆದರೂ ಗುತ್ತಿಗೆಯವರು ಮಾಡಿಸಲೇಬೇಕು ಅಂತ ನಾನು ಹೇಳುತ್ತೇನೆ. ಯಾಕೆಂದರೆ ವಕೀಲರ ಖರ್ಚೇ ವರ್ಷಗಟ್ಟಲೆ ಎಳೆಯುತ್ತದೆ. ಪ್ರೊಫೆಷನಲ್ ಇಂಡೆಮ್ನಿಟಿಯಲ್ಲಿ ಕ್ಲೇಮ್ ಬಂದ ದಿನ ಪಾಲಿಸಿ ಜೀವಂತ ಇರಬೇಕು, ಘಟನೆಯೂ ಪಾಲಿಸಿ ಹಿಡಿದ ಅವಧಿಯಲ್ಲೇ ಆಗಿರಬೇಕು. ಅದಕ್ಕೇ ಒಂದು ವರ್ಷ ತಪ್ಪಿಸಿದರೂ ಹಳೆಯದೆಲ್ಲ ಕೈಬಿಟ್ಟು ಹೋಗಬಹುದು. ಕೆಲಸ ಬಿಟ್ಟರೂ ಕೆಲವು ವರ್ಷ ಮುಂದುವರಿಸಿ.

ಈಗ ನಿಮ್ಮ ಕೈಯಲ್ಲಿರುವುದು ದಾಖಲೆ. ಇಂಜೆಕ್ಷನ್ನಿನ ಬ್ಯಾಚ್ ನಂಬರ್, ಕೊಟ್ಟ ಹೊತ್ತು, ಅಡ್ರಿನಲಿನ್ ಕೊಟ್ಟ ಹೊತ್ತು, ಆಂಬುಲೆನ್ಸ್ ಹೊರಟ ಹೊತ್ತು, ಎಲ್ಲ ಇದೆಯಾ? ಹಳೆಯ ಬರಹಕ್ಕೆ ಏನೂ ಸೇರಿಸಬೇಡಿ, ಹೊಸದಾಗಿ ಬರೆಯುವುದಿದ್ದರೆ ಇವತ್ತಿನ ತಾರೀಕು ಹಾಕಿ. ರೋಗಿಯ ಮನೆಯವರು ದಾಖಲೆ ಕೇಳಿದರೆ 72 ಗಂಟೆಯೊಳಗೆ ಪ್ರತಿ ಕೊಡಬೇಕು.

ಪ್ರಶ್ನೆ: ಎಲ್ಲ ಇದೆ. ಒಪ್ಪಿಗೆ ಪತ್ರ ಮಾತ್ರ ಮಲಯಾಳದಲ್ಲಿದೆ, ಆ ಅಜ್ಜಿಗೆ ಓದಲು ಬರುವುದು ಕನ್ನಡ ಮಾತ್ರ.

ಉತ್ತರ: ನೋಡಿ, ಇದು ನಮ್ಮ ಗಡಿಯ ದೊಡ್ಡ ತೊಂದರೆ. ಅರ್ಥವಾಗದ ಕಾಗದದ ಮೇಲಿನ ಸಹಿ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ಅಲರ್ಜಿ ಇದೆಯಾ ಅಂತ ಕನ್ನಡದಲ್ಲಿ ಕೇಳಿದ ನರ್ಸಕ್ಕ ಇದ್ದಾರಾ? ಅವರ ಹೇಳಿಕೆ ಬರೆಸಿಡಿ. ನಾಳೆಯಿಂದ ಕನ್ನಡದ ಒಪ್ಪಿಗೆ ಪತ್ರವನ್ನೂ ಟೇಬಲ್ ಮೇಲೆ ಇಡಿ, ಟೈಪ್ ಮಾಡಿ ನಾನು ಕಳಿಸುತ್ತೇನೆ.