ಒಂದೇ ಮಾತಿನಲ್ಲಿ ಮುಗಿಯುವ ಗೊಂದಲವೇ?

ಪುಟ್ಟಾ, ನಿನ್ನೆ ರಾತ್ರಿ ನೀನು ಈ ಗುಂಪಿನಲ್ಲಿ ಹಾಕಿದ ಪ್ರಶ್ನೆಯನ್ನು ಬೆಳಗಿನ ಕಾಫಿಯ ಹೊತ್ತಿಗೆ ನೋಡಿದೆ. "ಅತ್ತೆ, ಅಷ್ಟು ವರ್ಷ ಕಾಲೇಜಿನಲ್ಲಿ ಪಾಠ ಮಾಡಿದವರು ನೀವು, ಆ ರೀಜೆನ್ಸಿ ಪ್ರಣಯ ಕಾದಂಬರಿಗಳನ್ನು ಹೇಗೆ ಓದುತ್ತೀರಿ? ಅವನನ್ನು ಇವಳು ಬೇರೆ ಯಾರೋ ಎಂದುಕೊಳ್ಳುತ್ತಾಳೆ, ಇವಳನ್ನು ಅವನು ಇನ್ಯಾರೋ ಎಂದುಕೊಳ್ಳುತ್ತಾನೆ, ಅಷ್ಟರಲ್ಲಿ ಮದುವೆಯೂ ಆಗಿಬಿಡುತ್ತದೆ, ಒಬ್ಬರು ಬಾಯಿಬಿಟ್ಟು ಒಂದು ಮಾತು ಹೇಳಿದ್ದರೆ ಮೂರನೇ ಪುಟಕ್ಕೇ ಕಥೆ ಮುಗಿಯುತ್ತಿತ್ತಲ್ಲ" ಎಂದು ಕೇಳಿದ್ದೀಯ. ಅದರ ಕೆಳಗೆ ನಿನ್ನ ದೊಡ್ಡಪ್ಪ ನಗುವ ಎಮೋಜಿಗಳನ್ನು ಸಾಲಾಗಿ ಜೋಡಿಸಿರುವುದನ್ನೂ ಗಮನಿಸಿದ್ದೇನೆ. ಅಷ್ಟುದ್ದ ಬೆರಳಿನಿಂದ ಒತ್ತುತ್ತಾ ಕೂರುವುದು ನನ್ನಿಂದಾಗದು, ಆದ್ದರಿಂದ ಧ್ವನಿಯಲ್ಲೇ ಉತ್ತರ ಕೊಡುತ್ತಿದ್ದೇನೆ. ತರಕಾರಿ ಹೆಚ್ಚುತ್ತಲೋ ಬಸ್ಸಿನಲ್ಲಿ ಕುಳಿತೋ ನಿಧಾನವಾಗಿ ಕೇಳಿಸಿಕೊಳ್ಳಿ.

ಆ ಒಂದು ಮಾತನ್ನು ಹೇಳುವುದಕ್ಕೆ ಆ ಕಾಲದಲ್ಲಿ ದಾರಿಯೇ ಇರಲಿಲ್ಲ, ಪುಟ್ಟಾ. ಈ ಕಥೆಗಳ ರುಚಿಯೆಲ್ಲ ಇರುವುದು ಅಲ್ಲಿಯೇ.

ರೀಜೆನ್ಸಿ ಎಂದರೆ ಲೆಕ್ಕದ ಪ್ರಕಾರ ಒಂಬತ್ತೇ ವರ್ಷ. ಇಂಗ್ಲೆಂಡಿನ ಮೂರನೇ ಜಾರ್ಜ್ ದೊರೆಗೆ ಬುದ್ಧಿ ಸ್ಥಿಮಿತದಲ್ಲಿಲ್ಲವೆಂದು 1811ರ ಫೆಬ್ರವರಿಯಲ್ಲಿ ಅವನ ಹಿರಿಯ ಮಗ ರೀಜೆಂಟ್ ಆಗಿ, ಅಂದರೆ ದೊರೆಯ ಬದಲು ಆಳುವವನಾಗಿ, ಅಧಿಕಾರ ವಹಿಸಿಕೊಂಡ. 1820ರ ಜನವರಿಯಲ್ಲಿ ತಂದೆ ತೀರಿಕೊಂಡಾಗ ತಾನೇ ದೊರೆಯಾದ. ಮೈಸೂರಿನ ನಮಗೆ ಈ ಪದ ಹೊಸದೇನಲ್ಲ, ವಾಣಿವಿಲಾಸ ಸನ್ನಿಧಾನದವರು 1895ರಿಂದ 1902ರವರೆಗೆ ಮಗನ ಪರವಾಗಿ ರೀಜೆಂಟ್ ಆಗಿದ್ದರಲ್ಲ. ಜೇನ್ ಆಸ್ಟನ್ ತನ್ನ ಕಾದಂಬರಿಗಳನ್ನು ಪ್ರಕಟಿಸಿದ್ದು ಆ ಒಂಬತ್ತು ವರ್ಷಗಳಲ್ಲೇ, ಮತ್ತು 1811ರ ಮೊದಲ ಪುಸ್ತಕದ ಶೀರ್ಷಿಕೆ ಪುಟದಲ್ಲಿ ಅವಳ ಹೆಸರಿರಲಿಲ್ಲ, "ಒಬ್ಬ ಮಹಿಳೆಯಿಂದ" ಎಂದಷ್ಟೇ ಅಚ್ಚಾಗಿತ್ತು. ಗುರುತು ಮರೆಸಿಕೊಳ್ಳುವ ಕೆಲಸ ಕಥೆಯ ಒಳಗೆ ಮಾತ್ರ ನಡೆಯುತ್ತಿರಲಿಲ್ಲವೆಂದು ನಿನಗೆ ತಿಳಿಯಲಿ ಎಂದು ಹೇಳಿದೆ. ಆಕೆ ಬರೆದದ್ದು ತನ್ನ ಕಣ್ಣೆದುರಿನ ಕಾಲವನ್ನು. ಅದೇ ಕಾಲವನ್ನು ಹಿಂದಿರುಗಿ ನೋಡಿ, ಉಡುಗೆತೊಡುಗೆ, ಗಾಡಿ, ಬೈಗುಳ ಸಮೇತ ಮತ್ತೆ ಕಟ್ಟಿ ಒಂದು ಪ್ರಕಾರವನ್ನೇ ಹುಟ್ಟುಹಾಕಿದವಳು ಜಾರ್ಜೆಟ್ ಹೇಯರ್. ಅವಳ ಮೊದಲ ರೀಜೆನ್ಸಿ ಕಾದಂಬರಿ ಬಂದದ್ದು 1935ರಲ್ಲಿ.

ಈಗ ನಿನ್ನ ಮೂರನೇ ಪುಟಕ್ಕೆ ಬರೋಣ. ಪರಿಚಯ ಮಾಡಿಸುವ ಮೂರನೆಯವರು ಇಲ್ಲದೆ ಮರ್ಯಾದಸ್ಥ ಗಂಡಸು ಮರ್ಯಾದಸ್ಥ ಹೆಣ್ಣುಮಗಳನ್ನು ಮಾತನಾಡಿಸುವ ಹಾಗಿರಲಿಲ್ಲ. ಒಂದೇ ಸಂಜೆಯಲ್ಲಿ ಒಬ್ಬನ ಜೊತೆಗೇ ಮತ್ತೆ ಮತ್ತೆ ಕುಣಿದರೆ ಗೋಡೆಗೆ ಒರಗಿ ಕುಳಿತ ಹಿರಿಯ ಹೆಂಗಸರು ಬೀಸಣಿಗೆಯ ಮರೆಯಲ್ಲಿ ಮದುವೆಯನ್ನೇ ನಿಶ್ಚಯಿಸಿಬಿಡುತ್ತಿದ್ದರು. ಮದುವೆ ನಿಶ್ಚಯವಾಗದ ಹುಡುಗಿ ಪರಪುರುಷನಿಗೆ ಪತ್ರ ಬರೆದಳೆಂದು ಗೊತ್ತಾದರೆ, ಗುಟ್ಟಾಗಿ ನಿಶ್ಚಯವಾಗಿದೆ ಎಂತಲೋ ಅವಳ ನಡತೆ ಸರಿಯಿಲ್ಲವೆಂತಲೋ ಜನ ಅರ್ಥ ಮಾಡಿಕೊಳ್ಳುತ್ತಿದ್ದರು. ಫೋಟೋ ಎಂಬುದೇ ಹುಟ್ಟಿರಲಿಲ್ಲ; ಸ್ಥಿತಿವಂತರು ದಂತದ ತಗಡಿನ ಮೇಲೆ ಬರೆಸಿದ ಅಂಗೈ ಅಗಲದ ಚಿತ್ರವೇ ಗತಿ, ಅದೂ ಚಿತ್ರಕಾರನಿಗೆ ಎಷ್ಟು ಕೊಟ್ಟರೆ ಮೂಗು ಅಷ್ಟು ನೆಟ್ಟಗಿರುವಂಥದ್ದು. ಅಪರಿಚಿತ ಊರಿಗೆ ಬಂದ ಮನುಷ್ಯ ಯಾರು ಎಂಬುದಕ್ಕೆ ಅವನ ಕೋಟು, ಅವನ ಕುದುರೆಗಾಡಿ, ಅವನ ಭೇಟಿಚೀಟಿ, ಅವನ ಬಾಯಿಮಾತು, ಇಷ್ಟೇ ಪುರಾವೆ.

ಇದರ ಮೇಲೆ ಹೆಸರುಗಳ ಗೋಜಲು ಬೇರೆ. ನಾಲ್ಕು ಜನ ಅಕ್ಕತಂಗಿಯರಿರುವ ಮನೆಯಲ್ಲಿ ಮನೆತನದ ಹೆಸರಿನ ಹಿಂದೆ ಬರಿಯ "ಮಿಸ್" ಹಾಕಿ ಕರೆಯುವ ಹಕ್ಕು ದೊಡ್ಡವಳಿಗೆ ಮಾತ್ರ; ಉಳಿದವರಿಗೆ ಅವರವರ ಹೆಸರನ್ನೂ ಸೇರಿಸಬೇಕು. ದೊಡ್ಡವಳ ಮದುವೆಯಾದ ದಿನ ಆ "ಮಿಸ್" ಎರಡನೆಯವಳಿಗೆ ಇಳಿಯುತ್ತದೆ. ಹೀಗಿರುವಾಗ ಮೂರು ವರ್ಷ ಯುದ್ಧಕ್ಕೆ ಹೋಗಿ ಬಂದವನು ಅದೇ ಹೆಸರು ಬರೆದು ಒಂದು ಚೀಟಿ ಕಳಿಸಿದರೆ ಅದು ಯಾರ ಕೈಗೆ ಸೇರುತ್ತದೆ ಎಂದು ನೀನೇ ಯೋಚಿಸು. ಗಂಡಸರ ಕಥೆ ಇನ್ನೂ ಸೊಗಸು. ಸಿರಿವಂತ ಕುಲೀನನಿಗೆ ಪದವಿಯ ಹೆಸರು ಒಂದು, ಮನೆತನದ ಹೆಸರು ಇನ್ನೊಂದು, ಎರಡಕ್ಕೂ ಸಂಬಂಧವೇ ಇರಬೇಕೆಂದಿಲ್ಲ. ಡ್ಯೂಕ್ ಒಬ್ಬ ಹಳ್ಳಿಯ ಹೋಟೆಲಿನಲ್ಲಿ ತನ್ನ ಮನೆತನದ ಹೆಸರನ್ನಷ್ಟೇ ಹೇಳಿದರೆ ಅವನು ಆಡಿದ್ದು ಸುಳ್ಳಲ್ಲ, ಆದರೆ ಕೇಳಿದವರಿಗೆ ನಿಜ ಗೊತ್ತಾಗುವುದೂ ಇಲ್ಲ. ಸುಳ್ಳು ಹೇಳದೆ ಮೋಸ ಮಾಡುವುದಕ್ಕೆ ಇಷ್ಟು ಅನುಕೂಲವಾದ ಸಮಾಜ ಕಾದಂಬರಿಕಾರರಿಗೆ ಮತ್ತೊಂದು ಸಿಕ್ಕಿಲ್ಲ.

ಆದರೆ ಗೋಜಲು ಸುಲಭವಾಗಿ ಹುಟ್ಟುತ್ತದೆ ಎಂಬುದಷ್ಟಕ್ಕೆ ನಾನು ಇವನ್ನು ಓದುವುದಿಲ್ಲ. ಆಗ ಗಂಡಿನ ಬೆಲೆಯನ್ನು ವರ್ಷಕ್ಕೆ ಇಷ್ಟು ಸಾವಿರ ಪೌಂಡ್ ಆದಾಯವೆಂದೂ ಹೆಣ್ಣಿನ ಬೆಲೆಯನ್ನು ಒಟ್ಟು ಇಷ್ಟು ಸಾವಿರದ ಗಂಟೆಂದೂ ಹೇಳುವ ವಾಡಿಕೆಯಿತ್ತು. ಇವನು ಐದು ಸಾವಿರದವನು, ಅವಳು ಹತ್ತು ಸಾವಿರದವಳು ಎಂದು ದೀಪದ ಬೆಳಕಿನಲ್ಲಿ ಮುಖ ಕಾಣುವ ಮೊದಲೇ ಅಂಕಿ ಕಿವಿಗೆ ಬೀಳುತ್ತಿತ್ತು. (ಹುಡುಗನಿಗೆ ಕೈಗೆ ಎಷ್ಟು ಬರುತ್ತದೆ ಎಂದು ನಮ್ಮವರು ಕೇಳುವುದನ್ನು ಇಲ್ಲಿ ಯಾರೂ ನೆನಪಿಸಿಕೊಳ್ಳಬೇಕಾಗಿಲ್ಲ.) ಆ ಅಂಕಿ ಕಳಚಿ ಬಿದ್ದು ಇಬ್ಬರು ಮನುಷ್ಯರಾಗಿ ಎದುರುಬದುರು ಕೂರುವುದು ಗುರುತು ತಪ್ಪಿದಾಗ ಮಾತ್ರ. ಅವಳು ಅವನನ್ನು ಯಾರದೋ ಗುಮಾಸ್ತನೆಂದು ತಿಳಿದು, ಒದ್ದೆ ಬೂಟುಗಳನ್ನು ಹೊರಗೆ ಬಿಡು ಎಂದು ಗದರಿಸುತ್ತಾಳೆ; ಹುಟ್ಟಿದಾಗಿನಿಂದ ಯಾರೂ ಗದರಿಸದ ಆ ಮಹಾಶಯ ಬಾಗಿಲ ಹೊರಗೆ ಒಂಟಿ ಕಾಲಿನಲ್ಲಿ ನಿಂತು, ಕಷ್ಟಪಟ್ಟು ಬೂಟು ಎಳೆಯುತ್ತಾ, ತನ್ನ ಹೆಸರು ಹೇಳಬೇಕೇ ಬೇಡವೇ ಎಂದು ಯೋಚಿಸುತ್ತಾನೆ. ಹೇಳಿದರೆ ಆ ಕ್ಷಣವೇ ಅವಳು ಎದ್ದು ನಿಂತು ಮಂಡಿ ಬಾಗಿಸುತ್ತಾಳೆ, ಮತ್ತೆ ಎಂದಿಗೂ ಗದರಿಸುವುದಿಲ್ಲ. ನಿನ್ನ ಆ ಒಂದು ಮಾತು ಅವನ ಗಂಟಲಲ್ಲೇ ನಿಲ್ಲುವುದು ಇದಕ್ಕೆ.

ಇನ್ನು ಮದುವೆ. 1753ರ ಕಾಯಿದೆಯ ಪ್ರಕಾರ ಇಂಗ್ಲೆಂಡಿನಲ್ಲಿ ವಧೂವರರ ಹೆಸರನ್ನು ಮೂರು ಭಾನುವಾರ ಚರ್ಚಿನಲ್ಲಿ ಎಲ್ಲರೆದುರು ಓದಿ ಹೇಳಬೇಕಿತ್ತು, ಇಲ್ಲವೇ ಬಿಷಪ್ಪರಿಂದ ಲೈಸೆನ್ಸ್ ತರಬೇಕಿತ್ತು. ಇಪ್ಪತ್ತೊಂದು ತುಂಬದವರು ಲೈಸೆನ್ಸಿನ ಮೇಲೆ ಮದುವೆಯಾಗಲು ತಂದೆಯ ಒಪ್ಪಿಗೆ ಬೇಕು. ಈ ಕಾಯಿದೆ ಸ್ಕಾಟ್ಲೆಂಡಿಗೆ ಅನ್ವಯಿಸುತ್ತಿರಲಿಲ್ಲವಾದ್ದರಿಂದಲೇ ಗಡಿ ದಾಟಿದ ಕೂಡಲೇ ಸಿಗುವ ಗ್ರೆಟ್ನಾ ಗ್ರೀನ್ ಎಂಬ ಹಳ್ಳಿಗೆ ರಾತ್ರೋರಾತ್ರಿ ಗಾಡಿ ಓಡಿಸುವ ಪ್ರಸಂಗ ಎರಡಕ್ಕೊಂದು ಕಾದಂಬರಿಯಲ್ಲಿ ಬರುತ್ತದೆ. ಅಲ್ಲಿ ಸಾಕ್ಷಿಗಳ ಮುಂದೆ ನಾವು ಗಂಡಹೆಂಡತಿ ಎಂದರೆ ಮುಗಿಯಿತು. ಸುಳ್ಳು ಹೆಸರನ್ನು ಚರ್ಚಿನಲ್ಲಿ ಓದಿಸಿದ್ದರೆ ಮದುವೆಯೇ ಅಸಿಂಧುವಾಗುವ ಅಪಾಯವಿತ್ತು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು, ಅಕ್ಕನ ಬದಲು ಮುಸುಕು ಹಾಕಿಕೊಂಡು ಬಂದ ತಂಗಿ ವಿಧಿ ಮುಗಿದ ಮೇಲೆ ನೋಂದಣಿ ಪುಸ್ತಕದ ಮುಂದೆ ನಿಂತಿರುವುದನ್ನು ಕಣ್ಣಿಗೆ ತಂದುಕೋ. ಗರಿಯ ಲೇಖನಿ ಮಸಿಯಲ್ಲಿ ಅದ್ದಿದೆ, ಪಾದ್ರಿ ಬೆರಳಿಟ್ಟು ಜಾಗ ತೋರಿಸುತ್ತಿದ್ದಾರೆ, ಇಬ್ಬರು ಸಾಕ್ಷಿಗಳು ಕಾಯುತ್ತಿದ್ದಾರೆ, ಲೇಖನಿಯ ತುದಿಯಿಂದ ಒಂದು ಹನಿ ಕಾಗದದ ಮೇಲೆ ಬೀಳುತ್ತದೆ. ಅವಳು ಯಾವ ಹೆಸರು ಬರೆಯುತ್ತಾಳೆ? ಇಂಥ ಪುಟ ಬಂದಾಗ ಹಾಲು ಉಕ್ಕಿದರೂ ನಾನು ಎದ್ದು ಹೋಗುವುದಿಲ್ಲ.

ಏಕೆಂದರೆ ಆ ಸಹಿಯಾದ ಮೇಲೆ ಹಿಂದಿರುಗುವ ದಾರಿ ಇರಲಿಲ್ಲ. ಹೆಂಡತಿಯ ನಗನಾಣ್ಯವೆಲ್ಲ ಗಂಡನದಾಗುತ್ತಿತ್ತು. ತವರಿನವರು ಮೊದಲೇ ಕರಾರು ಬರೆಸಿ ಕಟ್ಟಿಹಾಕಿದ್ದರೆ ಅಷ್ಟು ಉಳಿಯುತ್ತಿತ್ತು. ಅವಳ ಗಳಿಕೆ, ಆಸ್ತಿ ಅವಳದೇ ಎಂಬ ಕಾನೂನು ಬಂದದ್ದು 1870ರಲ್ಲಿ ಸ್ವಲ್ಪ, 1882ರಲ್ಲಿ ಪೂರ್ತಿ. ವಿಚ್ಛೇದನ ಪಡೆದು ಮರುಮದುವೆಯಾಗಬೇಕಾದರೆ ಪಾರ್ಲಿಮೆಂಟಿನಲ್ಲಿ ಒಬ್ಬೊಬ್ಬರಿಗೂ ಪ್ರತ್ಯೇಕ ಕಾಯಿದೆ ಆಗಬೇಕಿತ್ತು. 1857ರಲ್ಲಿ ಆ ಪದ್ಧತಿ ಬದಲಾಗುವವರೆಗೆ ಹಾಗೆ ಬಿಡುಗಡೆ ಪಡೆದವರು ಎಲ್ಲ ಸೇರಿ ಮುನ್ನೂರು ಚಿಲ್ಲರೆ, ಅದರಲ್ಲಿ ಹೆಂಗಸರು ಕೇಳಿ ಪಡೆದದ್ದು ನಾಲ್ಕೇ ನಾಲ್ಕು.

ಇದೆಲ್ಲ ಬರಿಯ ಕಟ್ಟುಕಥೆ ಎನ್ನುತ್ತೀಯೇನೋ. ರೀಜೆನ್ಸಿಗೆ ಕೆಲವೇ ವರ್ಷ ಮುಂಚಿನ ಒಂದು ನಿಜ ಸಂಗತಿ ಕೇಳು. ಇಂಗ್ಲೆಂಡಿನ ಸರೋವರ ಪ್ರದೇಶದಲ್ಲಿ ಬಟರ್‌ಮೀರ್ ಎಂಬ ಹಳ್ಳಿ, ಅಲ್ಲಿನ ಹೋಟೆಲಿನವನ ಮಗಳು ಮೇರಿ ರಾಬಿನ್ಸನ್. ಪ್ರವಾಸಿಯೊಬ್ಬ ಅವಳ ಚೆಲುವನ್ನು ಪುಸ್ತಕದಲ್ಲಿ ವರ್ಣಿಸಿದ್ದರಿಂದ ಅವಳನ್ನು ನೋಡುವುದಕ್ಕೇ ಜನ ಬರುತ್ತಿದ್ದರು. 1802ರಲ್ಲಿ ಒಬ್ಬ ಠೀವಿಯ ಗಂಡಸು ಬಂದು, ತಾನು ಕರ್ನಲ್ ಹೋಪ್, ಪಾರ್ಲಿಮೆಂಟ್ ಸದಸ್ಯ, ಅರ್ಲ್ ಎಂಬ ಪದವಿಯ ಕುಲೀನರೊಬ್ಬರ ತಮ್ಮ ಎಂದು ಹೇಳಿಕೊಂಡು ಅಕ್ಟೋಬರಿನಲ್ಲಿ ಅವಳನ್ನು ಮದುವೆಯಾದ. ಕವಿ ಕೋಲ್‌ರಿಜ್ ಆ ಸುದ್ದಿಯನ್ನು ಪತ್ರಿಕೆಗೆ ಬರೆದ. ನಿಜವಾದ ಕರ್ನಲನನ್ನು ಬಲ್ಲವರು ಅದು ಸುಳ್ಳೆಂದರು, ಮದುಮಗ ಪರಾರಿಯಾಗಿ ಕೊನೆಗೆ ವೇಲ್ಸ್‌ನಲ್ಲಿ ಸಿಕ್ಕಿಬಿದ್ದ. ಅವನ ನಿಜವಾದ ಹೆಸರು ಜಾನ್ ಹ್ಯಾಟ್‌ಫೀಲ್ಡ್, ಬೇರೆ ಕಡೆ ಹೆಂಡತಿ ಮಕ್ಕಳಿದ್ದರು. 1803ರ ಸೆಪ್ಟೆಂಬರಿನಲ್ಲಿ ಕಾರ್ಲೈಲ್‌ನಲ್ಲಿ ಅವನನ್ನು ಗಲ್ಲಿಗೆ ಹಾಕಿದರು. ಯಾವ ಅಪರಾಧಕ್ಕೆ ಗೊತ್ತೇ? ಆ ಹುಡುಗಿಯನ್ನು ಮೋಸಗೊಳಿಸಿದ್ದಕ್ಕಲ್ಲ. ಪಾರ್ಲಿಮೆಂಟ್ ಸದಸ್ಯರ ಪತ್ರಗಳಿಗೆ ಅಂಚೆ ವೆಚ್ಚ ಇರಲಿಲ್ಲ. ಲಕೋಟೆಯ ಮೇಲೆ ಹೋಪ್ ಎಂದು ಸಹಿ ಹಾಕಿ ಪುಕ್ಕಟೆ ಪತ್ರ ಕಳಿಸಿದ ಫೋರ್ಜರಿಗೆ. ಮೇರಿ ಆಮೇಲೆ ಒಬ್ಬ ರೈತನನ್ನು ಮದುವೆಯಾಗಿ ಬಾಳಿದಳು. ಕಾದಂಬರಿಯಲ್ಲಿ ವೇಷ ಕಳಚಿದಾಗ ಒಳಗಿರುವವನು ಹೇಳಿದ್ದಕ್ಕಿಂತ ದೊಡ್ಡವನಾಗಿರುತ್ತಾನೆ, ಮೇರಿಯ ಪಾಲಿಗೆ ತಿರುಗುಮುರುಗು. ಈ ಭಯವನ್ನು ಬಲ್ಲ ಲೇಖಕಿಯ ಕೈಯಲ್ಲೇ ಕಥೆಗೆ ಜೀವ ಬರುವುದು.

ನಿನ್ನ ಅಜ್ಜಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ನಾನು ಪಿಯುಸಿಯಲ್ಲಿದ್ದಾಗ, ಬಾಡಿಗೆ ಪುಸ್ತಕದ ಅಂಗಡಿಯಿಂದ ದಿನಕ್ಕೆ ಇಪ್ಪತ್ತೈದು ಪೈಸೆ ಕೊಟ್ಟು ತಂದ ಇಂಥದೊಂದು ಕಾದಂಬರಿಯನ್ನು ಅಮ್ಮ ಅವರೆಕಾಯಿ ಸುಲಿಯುತ್ತಿರುವಾಗ ಕನ್ನಡದಲ್ಲಿ ಹೇಳುತ್ತಾ ಹೋದೆ. ಯಾರೆಂದು ತಿಳಿಯದ ಗಂಡಿನೊಡನೆ ಹುಡುಗಿ ಗಾಡಿ ಹತ್ತಿದಳು ಎಂದಾಗ ಅಮ್ಮ ಕೇಳಿದ ಮೊದಲ ಪ್ರಶ್ನೆ, "ಅವಳ ಸೋದರಮಾವ ಎಲ್ಲಿ ಹಾಳಾಗಿ ಹೋಗಿದ್ದ?" ಎಂದು. ಆದರೆ ಕಥೆಯ ಎಳೆ ಹಿಡಿಯಲು ಅವರಿಗೆ ಹೊತ್ತು ಹಿಡಿಯಲಿಲ್ಲ, ಏಕೆಂದರೆ ಕನಕದಾಸರ ನಳಚರಿತ್ರೆಯನ್ನು ಎಷ್ಟೋ ಸಲ ಕೇಳಿದ್ದರು. ನಳನ ರೂಪದಲ್ಲಿ ಸಾಲಾಗಿ ಕುಳಿತ ದೇವತೆಗಳ ನಡುವೆ ದಮಯಂತಿ ತನ್ನವನನ್ನು ಹೇಗೆ ಗುರುತಿಸಿದಳು? ರೆಪ್ಪೆ ಮಿಟುಕಿಸಿದವನು, ಬೆವರಿದವನು, ಹೂಮಾಲೆ ಬಾಡಿದವನು ಯಾರೋ ಅವನೇ ಮನುಷ್ಯ ಎಂದು. ಆಮೇಲೆ ಬಾಹುಕನಾಗಿ ಕುರೂಪದಲ್ಲಿ ಬಂದಾಗ ಅಡುಗೆಯ ರುಚಿಯಲ್ಲಿ ಹಿಡಿದಳು. "ಹಾಗಾದರೆ ನಿನ್ನ ಈ ದೊರೆಸಾನಿ ಅವನನ್ನು ಯಾವುದರಲ್ಲಿ ಹಿಡಿಯುತ್ತಾಳೆ?" ಎಂದು ಅಮ್ಮ ಕೇಳಿದರು. ಅಂದಿನಿಂದ ನಾನು ಇಂಥ ಪುಸ್ತಕಗಳನ್ನು ಆ ಪ್ರಶ್ನೆ ಹಿಡಿದೇ ಅಳೆಯುತ್ತೇನೆ. ಕಳೆದುಹೋದ ಪತ್ರ ಸಿಕ್ಕಿತು, ಬಾಗಿಲ ಸಂದಿಯಲ್ಲಿ ಯಾರೋ ಕೇಳಿಸಿಕೊಂಡರು ಎಂದು ಗುಟ್ಟು ಬಯಲು ಮಾಡುವವು ಸೋಮಾರಿ ಪುಸ್ತಕಗಳು, ಅವನ್ನು ನೀನು ಬೈದರೆ ನನ್ನ ತಕರಾರಿಲ್ಲ. ಅವನು ಕಿಟಕಿಯ ಕಡೆ ತಿರುಗುವ ರೀತಿಯಲ್ಲಿ, ಆಳಿಗೆ ಥ್ಯಾಂಕ್ಸ್ ಹೇಳುವ ರೀತಿಯಲ್ಲಿ ಅವಳಿಗೆ ಮೊದಲೇ ಗೊತ್ತಾಗಿ, ಗೊತ್ತಾದದ್ದನ್ನು ಅವಳೂ ಬಚ್ಚಿಟ್ಟುಕೊಂಡು ಮುಂದಿನ ನೂರು ಪುಟ ಆಟವಾಡುವವು ನನ್ನ ಕಪಾಟಿನಲ್ಲಿ ಉಳಿಯುತ್ತವೆ.

ಸಿಟ್ಟು ಬರುವ ಜಾಗಗಳೂ ಇವೆ. ಇಡೀ ದೇಶದಲ್ಲಿ ಬೆರಳೆಣಿಕೆಯಷ್ಟಿದ್ದ ಡ್ಯೂಕರನ್ನು ಈಗಿನ ಲೇಖಕಿಯರು ಬೀದಿಗೊಬ್ಬರಂತೆ ಹಂಚಿಬಿಟ್ಟಿದ್ದಾರೆ. ನಾಯಕನ ಚಿಕ್ಕಪ್ಪ ಇಂಡಿಯಾದಿಂದ ಐಶ್ವರ್ಯ ತಂದ ಎಂದು ಒಂದೇ ಸಾಲಿನಲ್ಲಿ ಮುಗಿಸಿದಾಗ, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಸೈನ್ಯದವರು ಹಂಚಿಕೊಂಡ ಲೂಟಿ ನನಗೆ ನೆನಪಾಗಿ, ಅವನ ಚಿನ್ನದ ನಶ್ಯದ ಡಬ್ಬಿಯನ್ನು ಮುಚ್ಚಿಡು ಎಂದು ಹೇಳಬೇಕೆನಿಸುತ್ತದೆ. ಆದರೂ ಓದುತ್ತೇನೆ.

ಕೊನೆಯದಾಗಿ ಒಂದು ಸಣ್ಣ ವಿಷಯ. ಕಳೆದ ದೀಪಾವಳಿಗೆ ನೀವು ಬಂದಿದ್ದಾಗ ನನ್ನ ಕಪಾಟಿನ ಕೆಳಗಿನ ಸಾಲಿನಿಂದ ಎರಡು ಪುಸ್ತಕ ನಿನ್ನ ಮನೆಗೆ ಹೋಗಿವೆ, ದಿನಪತ್ರಿಕೆಯ ರಟ್ಟು ಹಾಕಿಸಿಕೊಂಡು. ಒಯ್ದವರು ಯಾರೆಂದು ನಾನು ಈ ಗುಂಪಿನಲ್ಲಿ ಹೇಳುವುದಿಲ್ಲ, ಆದರೆ ನಿನ್ನ ಪ್ರಶ್ನೆಗೆ ಎಮೋಜಿ ಹಾಕದೆ ಸುಮ್ಮನಿರುವವರು ಯಾರೆಂದು ನೀನೇ ನೋಡಿಕೋ. ಮೊದಲನೆಯದನ್ನು ಓದಿ ಮುಗಿಸಿದ್ದರೆ ಭಾನುವಾರ ಬರುವಾಗ ತರಲಿ, ಮೂರನೆಯದನ್ನು ತೆಗೆದಿಟ್ಟಿದ್ದೇನೆ.